ವಿಡಿಯೊ ನೋಡಿ ಉಗಿಬಂಡಿ ಕಟ್ಟಬಹುದೇ?

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಮನೆಯಲ್ಲಿ ಸಣ್ಣ ಲೇತ್ ಇಟ್ಟುಕೊಂಡಿದ್ದೇನೆ. ಮಾದರಿ ಉಗಿ ಎಂಜಿನ್ ಕಟ್ಟುವ ವಿಡಿಯೊಗಳನ್ನು ನೋಡುವಾಗ ಎಲ್ಲವೂ ಅರ್ಥವಾಗುತ್ತದೆ. ಲೇತ್ ಮುಂದೆ ನಿಂತರೆ ಏನೂ ತೋಚುವುದಿಲ್ಲ. ಯಾವ ವಿಡಿಯೊ ನೋಡಲಿ, ಯಾವ ಎಂಜಿನ್ನಿನಿಂದ ಆರಂಭಿಸಲಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನೀವು ನೋಡುತ್ತಿರುವುದರಲ್ಲಿ ಲೋಹ ಕತ್ತರಿಸುವ ದೃಶ್ಯಗಳೇ ಹೆಚ್ಚಿರಬೇಕು. ಉಕ್ಕು ಸುರುಳಿಯಾಗಿ ಬೀಳುವುದು ನೋಡಲು ಚೆಂದ. ಆದರೆ ಹೊತ್ತು ಹೋಗುವುದು ಗುರುತು ಹಾಕುವುದರಲ್ಲಿ, ಹಿಡಿಸುವುದರಲ್ಲಿ, ಅಳೆಯುವುದರಲ್ಲಿ. ವಿಡಿಯೊ ಚಿಕ್ಕದು ಮಾಡುವಾಗ ಮೊದಲು ಕತ್ತರಿ ಬೀಳುವುದೂ ಇವುಗಳಿಗೇ. ಆದ್ದರಿಂದ ಯಾವುದೇ ಸರಣಿ ಸಿಕ್ಕರೂ ಮೊದಲು ಸಿಲಿಂಡರ್ ಕೊರೆಯುವ ಕಂತನ್ನು ತೆರೆಯಿರಿ. ಎರಕದ ತುಂಡನ್ನು ನಾಲ್ಕು ದವಡೆಗಳ ಚಕ್‌ನಲ್ಲಿ ಹಿಡಿದು, ಗುರುತಿಸಿದ ವೃತ್ತ ಅಲುಗದೆ ತಿರುಗುವವರೆಗೆ ಒಂದೊಂದೇ ದವಡೆಯನ್ನು ಸಡಿಲಿಸಿ ಬಿಗಿಮಾಡುವುದನ್ನು ತೋರಿಸಿದ್ದರೆ ಆ ಮನುಷ್ಯನನ್ನು ನಂಬಿ. ಚಕ್ ತಿರುಗುವಲ್ಲಿಂದಲೇ ಕಂತು ಶುರುವಾದರೆ ಅದು ಮನರಂಜನೆ. ಊಟದ ನಂತರ ನೋಡಿ.

ನಾನು ಧೈರ್ಯವಾಗಿ ಸೂಚಿಸುವುದು ಬ್ಲಾಂಡಿಹ್ಯಾಕ್ಸ್ ಎಂಬ ಇಂಗ್ಲಿಷ್ ಚಾನೆಲ್. ಜಪಾನಿನ ಕೋಜೊ ಹಿರಾವೊಕ ವಿನ್ಯಾಸಗೊಳಿಸಿದ ಎ3 ಎಂಬ ಮಾದರಿ ಉಗಿಬಂಡಿಯನ್ನು ಅಲ್ಲಿ ಕಟ್ಟಿದ್ದಾರೆ. ಚಾನೆಲ್ ನಡೆಸುವಾಕೆ ಪ್ರತಿ ಹಂತದಲ್ಲೂ ‘ಹೀಗೇಕೆ’ ಎಂಬುದನ್ನು ಬಿಡಿಸಿ ಹೇಳುತ್ತಾರೆ.

ವಿಡಿಯೊದಲ್ಲಿ ಕ್ಷಣದಲ್ಲಿ ದಾಟಿಹೋಗುವ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗಾಲಿಯಲ್ಲಿ ರಾಡ್ ಸೇರುವ ಗೂಟಕ್ಕೆ ಕ್ರ್ಯಾಂಕ್ ಪಿನ್ ಎನ್ನುತ್ತಾರೆ. ಎಂಜಿನ್ನಿನ ಎಡಗಡೆಯ ಕ್ರ್ಯಾಂಕ್ ಪಿನ್ನಿಗೂ ಬಲಗಡೆಯದಕ್ಕೂ 90 ಡಿಗ್ರಿ ಅಂತರವಿರಬೇಕು; ಆಗ ಒಂದು ಪಿಸ್ಟನ್ ಕೊನೆ ಮುಟ್ಟಿ ನಿಂತಾಗಲೂ ಇನ್ನೊಂದು ತಳ್ಳುತ್ತಿರುತ್ತದೆ. ಹೊಸಬರು ಈ 90ರ ಬೆನ್ನು ಹತ್ತುತ್ತಾರೆ. ಆದರೆ ಎಡಬಲದ ಗಾಲಿಗಳನ್ನು ಜೋಡಿಸುವ ಎಲ್ಲ ಅಚ್ಚುಗಳಲ್ಲೂ ಒಂದೇ ಸಮನಾಗಿ ಅರ್ಧ ಡಿಗ್ರಿ ಹೆಚ್ಚಾಗಿದ್ದರೂ ಎಂಜಿನ್ ಸುಖವಾಗಿ ಓಡುತ್ತದೆ. ಒಂದು ಅಚ್ಚಿನಲ್ಲಿ 90, ಇನ್ನೊಂದರಲ್ಲಿ 91 ಆದರೆ ಒಂದೇ ಬದಿಯ ಗಾಲಿಗಳನ್ನು ಕೂಡಿಸುವ ಕಪ್ಲಿಂಗ್ ರಾಡ್ ಪ್ರತಿ ಸುತ್ತಿನಲ್ಲೂ ಬಿಗಿಹಿಡಿಯುತ್ತದೆ. ಹಾಗಾಗಿ ಎಲ್ಲ ಅಚ್ಚುಗಳನ್ನೂ ಒಂದೇ ಜಿಗ್‌ನಲ್ಲಿ, ಅಂದರೆ ಅಳತೆ ತಪ್ಪದಂತೆ ಹಿಡಿಯುವ ಸಾಧನದಲ್ಲಿ, ಕೂರಿಸಿ. ಚೌಕಟ್ಟಿನ ಎರಡು ಫಲಕಗಳನ್ನೂ ಹಾಗೆಯೇ ಜೋಡಿಸಿ ಬಿಗಿದು, ಎರಡಕ್ಕೂ ಒಮ್ಮೆಲೇ ರಂಧ್ರ ಕೊರೆಯಿರಿ.

ಇನ್ನು ಎಂಜಿನ್ನಿನ ಆಯ್ಕೆ. ಹಳಿಯ ಆಸೆ ಸ್ವಲ್ಪ ತಡೆದು, ಸಿಲಿಂಡರೇ ತೂಗಾಡುವ ಸರಳ ಎಂಜಿನ್ ಒಂದನ್ನು ಮಾಡಿ ಕಂಪ್ರೆಸರ್ ಗಾಳಿಯಲ್ಲಿ ಓಡಿಸಿ. ಆಮೇಲೆ ‘ಟಿಚ್’. ಬ್ರಿಟನ್ನಿನಲ್ಲಿ ಎಲ್‌ಬಿಎಸ್‌ಸಿ ಎಂಬ ಹೆಸರಿನಲ್ಲಿ ದಶಕಗಳ ಕಾಲ ಬರೆದವರು ಹೊಸಬರಿಗೆಂದೇ ರೂಪಿಸಿದ ನಾಲ್ಕು ಗಾಲಿಗಳ ಬಂಡಿ ಅದು. ಮೂರೂವರೆ ಇಂಚಿನ, ಅಂದರೆ 89 ಮಿಲಿಮೀಟರ್ ಅಗಲದ ಹಳಿಯ ಮೇಲೆ ಓಡಿ ಒಬ್ಬ ಮನುಷ್ಯನನ್ನು ಎಳೆಯುತ್ತದೆ. ಅದರ ಬಿಡಿಭಾಗಗಳು ತೀರಾ ಸಣ್ಣವು. ಕಣ್ಣು ಮಂಜಾಗಿದ್ದರೆ 5 ಇಂಚಿನ ಹಳಿಯ ವಿನ್ಯಾಸವೇ ಕೈಗೆ ಹಗುರ. ಆದರೆ ಅದರ ಗಾಲಿ ನಿಮ್ಮ ಲೇತ್‌ನಲ್ಲಿ ತಿರುಗುತ್ತದೆಯೇ ಎಂದು ಅಳೆದೇ ಎರಕ ತರಿಸಿ.

ಪ್ರಶ್ನೆ: ನನ್ನ ಎಂಜಿನ್ನಿನ ಚಾಸಿ (ಚೌಕಟ್ಟು, ಗಾಲಿ, ಸಿಲಿಂಡರ್) ಕಂಪ್ರೆಸರ್ ಗಾಳಿಯಲ್ಲಿ ಓಡುತ್ತಿದೆ. ವಿಡಿಯೊದಲ್ಲಿ ತಾಮ್ರದ ಬಾಯ್ಲರಿಗೆ ಬೆಸುಗೆ ಹಾಕುವುದು ಸುಲಭವೆಂಬಂತೆ ಕಾಣುತ್ತದೆ. ನಾನೇ ಮಾಡಲೇ, ಕೊಳ್ಳಲೇ?
– ಕನ್ನಡತಿಯೊಬ್ಬರು, ಲೆಸ್ಟರ್, ಇಂಗ್ಲೆಂಡ್

ಉತ್ತರ: ತಾಮ್ರ ಕತ್ತರಿಸುವ ಮೊದಲೇ ಹತ್ತಿರದ ಮಾಡೆಲ್ ಎಂಜಿನಿಯರಿಂಗ್ ಕ್ಲಬ್ಬಿಗೆ ಹೋಗಿ ಅಲ್ಲಿನ ಬಾಯ್ಲರ್ ಪರೀಕ್ಷಕರನ್ನು ಕಾಣಿರಿ, ತಾಯಿ. ಅಂಥವರು ಕೈಯಳತೆಯಲ್ಲಿರುವ ದೇಶದಲ್ಲಿದ್ದೀರಿ; ನಮಗೆ ಇಲ್ಲಿ ಆ ಭಾಗ್ಯವಿಲ್ಲ. ಬಾಯ್ಲರ್ ಪೂರ್ತಿ ಮುಚ್ಚಿದ ಮೇಲೆ ಒಳಗಿನ ಬೆಸುಗೆ ಯಾರಿಗೂ ಕಾಣುವುದಿಲ್ಲ. ಅದಕ್ಕೇ ಅವರು ಹಂತಹಂತವಾಗಿ ನೋಡಲು ಬಯಸುತ್ತಾರೆ.

ಈ ಒಂದು ಕೆಲಸವನ್ನು ಪರದೆಯಿಂದಷ್ಟೇ ಕಲಿಯಬೇಡಿ. ಬೆಳ್ಳಿ ಬೆಸುಗೆಯಲ್ಲಿ ಕಾವನ್ನು ತಿಳಿಯುವುದು ಬಣ್ಣದಿಂದ, ಕ್ಯಾಮೆರಾ ಆ ಬಣ್ಣವನ್ನು ಇದ್ದಂತೆ ತೋರಿಸುವುದಿಲ್ಲ. ಕಣ್ಣಿಗೆ ಮಂದ ಕೆಂಪಾಗಿರುವುದು ಪರದೆಯಲ್ಲಿ ಕಿತ್ತಳೆಯಾಗಿ ಉರಿಯುತ್ತದೆ. ಸಾಮಾನ್ಯವಾಗಿ ಬಳಸುವ 55 ಶೇಕಡ ಬೆಳ್ಳಿಯ ಬೆಸುಗೆ 630ರಿಂದ 660 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುತ್ತದೆ. ಇಡೀ ತಾಮ್ರ ಆ ಕಾವಿಗೆ ಬಂದು, ಸಂದಿಗೆ ಮೊದಲೇ ಹಚ್ಚಿದ ಫ್ಲಕ್ಸ್ ಎಂಬ ಲೇಪ ನೀರಿನಂತೆ ತಿಳಿಯಾದಾಗ ಬೆಸುಗೆ ತಾನಾಗಿ ಸಂದಿಯೊಳಗೆ ಹರಿಯುತ್ತದೆ. ಆಚೆ ಬದಿಯಲ್ಲಿ ಅದರ ಗೆರೆ ಹೊಳೆದರೆ ಮಾತ್ರ ಕೆಲಸ ಆದಂತೆ. ಜ್ವಾಲೆಯಿಂದ ಕಡ್ಡಿಯನ್ನೇ ಕರಗಿಸಿ ಮೇಲೆ ಸುರಿಯುವ ವಿಡಿಯೊ ಕಂಡರೆ ಅಲ್ಲಿಯೇ ನಿಲ್ಲಿಸಿ. ಹಳೆಯ ವಿಡಿಯೊಗಳಲ್ಲಿ ಕ್ಯಾಡ್ಮಿಯಂ ಬೆರೆತ ಬೆಸುಗೆಯೂ ಕಾಣಬಹುದು. ಅದರ ಹೊಗೆ ವಿಷ. ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ ಕೊಳ್ಳಿ.

ಪರೀಕ್ಷೆಯ ಕ್ರಮವನ್ನೂ ತಿಳಿದಿರಿ. ಚದರ ಇಂಚಿಗೆ 80 ಪೌಂಡ್ ಒತ್ತಡದಲ್ಲಿ ಕೆಲಸ ಮಾಡಬೇಕಾದ ಹೊಸ ಬಾಯ್ಲರಿಗೆ 160 ಪೌಂಡ್ ನೀರಿನ ಒತ್ತಡ ಕೊಡುತ್ತಾರೆ. ನೀರು ಅದುಮಿದರೆ ಕುಗ್ಗುವುದು ಅತ್ಯಲ್ಪ. ಸಂದಿ ಬಿಟ್ಟರೂ ಹನಿ ಚಿಮ್ಮಿ ನಿಲ್ಲುತ್ತದೆ. ಅದುಮಿದ ಗಾಳಿ ಬಾಂಬಿನಂತೆ ಹಿಗ್ಗುತ್ತದೆ. ಆದ್ದರಿಂದ ಚಾಸಿಗೆ ಗಾಳಿ, ಬಾಯ್ಲರ್ ಪರೀಕ್ಷೆಗೆ ನೀರು. ಇದನ್ನು ಎಂದೂ ಅದಲುಬದಲು ಮಾಡಬೇಡಿ.

ಪ್ರಮಾಣಪತ್ರವಿರುವ ಬಾಯ್ಲರ್ ಕೊಂಡರೆ ಯಾವ ಕೊರತೆಯೂ ಇಲ್ಲ. ಆದರೂ ನಿಮಗೆ ಆಸಕ್ತಿಯಿದೆ, ಕಲಿಸುವವರು ಹತ್ತಿರದಲ್ಲಿದ್ದಾರೆ. ನಾನಾಗಿದ್ದರೆ ಅವರ ಪಕ್ಕದಲ್ಲಿ ನಿಂತು ನಾನೇ ಮಾಡುತ್ತಿದ್ದೆ.

ಪ್ರಶ್ನೆ: ಬ್ರಿಟಿಷ್ ನಕ್ಷೆಗಳಲ್ಲೆಲ್ಲ ಇಂಚು ಮತ್ತು ಬಿಎ (ಹಳೆಯ ಬ್ರಿಟಿಷ್ ಅಳತೆಯ ಸಣ್ಣ) ಸ್ಕ್ರೂಗಳೇ ಇವೆ. ಮೆಟ್ರಿಕ್ ಸ್ಕ್ರೂ ಹಾಕಬಹುದೇ?
– ಡಿಪ್ಲೊಮಾ ವಿದ್ಯಾರ್ಥಿ, ಮೈಸೂರು

ಉತ್ತರ: ಚೌಕಟ್ಟಿಗೆ ಧಾರಾಳವಾಗಿ ಹಾಕಿ. 6 ಬಿಎ ಸ್ಕ್ರೂ 2.8 ಮಿಲಿಮೀಟರ್ ದಪ್ಪ. ಎಂ3, ಅಂದರೆ 3 ಮಿಲಿಮೀಟರಿನ ಮೆಟ್ರಿಕ್ ಸ್ಕ್ರೂ, ಅದರ ಜಾಗಕ್ಕೆ ಹೊಂದುತ್ತದೆ. ಎಂ3 ಬೋಲ್ಟಿನ ತಲೆ ಮಾತ್ರ ತುಸು ದೊಡ್ಡದು, 5.5 ಮಿಲಿಮೀಟರ್. ಸಿಲಿಂಡರ್ ಮುಚ್ಚಳದ ಅಂಚಿನಲ್ಲಿ ಅದು ಕೂರುತ್ತದೆಯೇ ಎಂದು ಮೊದಲು ಕಾಗದದ ಮೇಲೆ ಬರೆದು ನೋಡಿ. ಬಾಯ್ಲರಿನ ಬುಷ್‌ಗಳ (ಗೇಜು, ವಾಲ್ವುಗಳನ್ನು ತಿರುಗಿಸಿ ಕೂರಿಸುವ ಬಳೆಗಳ) ಥ್ರೆಡ್ ಬದಲಿಸಬೇಡಿ. ನೀವು ತರಿಸುವ ನೀರಿನ ಗೇಜು, ಸೇಫ್ಟಿ ವಾಲ್ವುಗಳು ಆ ಇಂಚಿನ ಥ್ರೆಡ್ಡಿನಲ್ಲೇ ಬರುತ್ತವೆ. ಮತ್ತೆ, ನಿಮ್ಮೂರಿನಲ್ಲೇ 1979ರಿಂದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಒಂದು ಪುಸ್ತಕ, ಪೆನ್ಸಿಲ್ ಹಿಡಿದು ಹೋಗಿ ಅಲ್ಲಿನ ಉಗಿ ಎಂಜಿನ್ನಿನ ಕಪ್ಲಿಂಗ್ ರಾಡ್ ಹೇಗೆ ಜೋಡಿಸಿದೆ ಎಂಬುದನ್ನು ಬರೆದುಕೊಂಡು ಬನ್ನಿ. ಅರ್ಥವಾಗದ್ದನ್ನು ಚಿತ್ರದೊಂದಿಗೆ ನನಗೆ ಕಳುಹಿಸಿ.