ನಿಮ್ಮ ಗಡಿಯಾರ ಚಹಾದ ಅಂಗಡಿ ಸೇರಿದ್ದು

ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಮಶೀನ್ ಶಾಪ್ ನಡೆಸುವ ಓದುಗರೊಬ್ಬರ ಪತ್ರ: ‘ಹೋದ ದೀಪಾವಳಿಗೆ ನಮ್ಮ ಹೆಸರು ಹಾಕಿಸಿದ ಗೋಡೆ ಗಡಿಯಾರವನ್ನು 60 ಗ್ರಾಹಕರಿಗೆ ಕೊಟ್ಟೆವು. ಮೊನ್ನೆ ಅದರಲ್ಲೊಂದು ಚಹಾದ ಅಂಗಡಿಯಲ್ಲಿ ಕಂಡಿತು. ಒಬ್ಬ ಪರ್ಚೇಸ್ ಮ್ಯಾನೇಜರಂತೂ ಬಾಕ್ಸ್ ಬಿಚ್ಚದೆ ವಾಪಸ್ ಕಳಿಸಿದರು. ಈ ಸಲ ಬಜೆಟ್ ಜಾಸ್ತಿ ಮಾಡಬೇಕೇ?’

ಬೇಡ. ತೊಂದರೆ ರೊಕ್ಕದ್ದಲ್ಲ. ಗಡಿಯಾರದ ಮೇಲೆ ನಿಮ್ಮ ಹೆಸರು ಎಷ್ಟು ದೊಡ್ಡದಾಗಿತ್ತು, ಹೇಳಿ ನೋಡೋಣ? ಬೇರೆಯವರ ಅಂಗಡಿ ಬೋರ್ಡನ್ನು ಯಾರೂ ಪಡಸಾಲೆಯಲ್ಲಿ ತೂಗು ಹಾಕುವುದಿಲ್ಲ. ನನ್ನ ಮೇಜಿನ ಡ್ರಾಯರಿನಲ್ಲೂ ಅಂಥ ಕೀಚೈನು, ಪೆನ್ನುಗಳು ಬಿದ್ದಿವೆ. ಯಾರು ಕೊಟ್ಟದ್ದು ಅಂತ ಓದಿದರೆ ಗೊತ್ತಾಗುತ್ತದೆ, ಯಾಕೆ ಕೊಟ್ಟರು ಅನ್ನುವುದು ಮಾತ್ರ ನೆನಪಾಗುವುದಿಲ್ಲ.

ಇನ್ನು, ದೀಪಾವಳಿಯೇ ಯಾಕೆ? ಆ ವಾರ ಎಲ್ಲ ಆಫೀಸಿನಲ್ಲೂ ಸ್ವೀಟ್ ಬಾಕ್ಸಿನ ರಾಶಿ. ನಿಮ್ಮ ಲೇತ್ ಮಶೀನಿಗೆ ಹೂವು ಏರಿಸುವುದು ಖಂಡೇ ಪೂಜೆಯ (ಆಯುಧ ಪೂಜೆಯ) ದಿನ, ಅಲ್ವಾ? ಹತ್ತಿರದ ಗ್ರಾಹಕರನ್ನು ಅವತ್ತು ಶಾಪಿಗೇ ಕರೆಯಿರಿ. ತಮ್ಮ ಪಾರ್ಟ್ ಎಲ್ಲಿ ತಯಾರಾಗುತ್ತದೆ ಅಂತ ನೋಡಲಿ, ಪ್ರಸಾದ ತಗೊಳ್ಳಲಿ. ಮಾರನೆಯ ದಿನ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಅನ್ನುವ ಊರು ನಮ್ಮದು. ಆ ಎಲೆಯ ರೇಟನ್ನು ಯಾರಾದರೂ ಕೇಳಿದ್ದಾರೆಯೇ?

ದೂರದವರಿಗೆ ತಿನಿಸು ಕಳಿಸುವುದಾದರೆ ಕುಂದಾ ಬೇಡ. ನಮ್ಮೂರಿನ ಹೆಮ್ಮೆ ನಿಜ, ಆದರೆ ಅದು ಹಾಲಿನದು. ಕೊರಿಯರಿನವರ ಗೋಡೌನಿನಲ್ಲಿ ಎರಡು ದಿನ ಕೂತರೆ ಮುಗಿಯಿತು. ಗೋಕಾಕಿನದೋ ಅಮೀನಗಡದ್ದೋ ಕರದಂಟು ಕಳಿಸಿ. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಹಣ್ಣು ಸೇರಿ ಮಾಡಿದ್ದು ಬೇಗ ಕೆಡುವುದಿಲ್ಲ. ಜೊತೆಗೆ ನಿಮ್ಮ ಕೈಯಿಂದಲೇ ಎರಡು ಸಾಲು ಬರೆದಿಡಿ. ‘ಮಾರ್ಚಿನಲ್ಲಿ ನಮ್ಮ ಮಾಲು ತಡವಾದಾಗ ತಾಳಿಕೊಂಡಿರಿ’ ಅನ್ನುವಂಥದ್ದು. ಪ್ರಿಂಟ್ ಮಾಡಿಸಿದ ಶುಭಾಶಯ ಯಾರಿಗೆ ಬೇಕು?

ಪತ್ರದಲ್ಲಿ ನಿಮ್ಮ ಕೆಲಸಗಾರರ ಮಾತೇ ಇಲ್ಲವಲ್ಲ! ನನಗಾದರೆ ಲೆಕ್ಕ ಅಲ್ಲಿಂದಲೇ ಶುರು. ಅವರ ಮನೆಯವರಿಗೆ ಇಳಕಲ್ ಸೀರೆ ಕೊಡಿ. ಬಣ್ಣ ನೀವು ಆರಿಸಬೇಡಿ, ಅವರೇ ಆರಿಸಲಿ. ಕೈಮಗ್ಗದ್ದೇ ಹೌದಾ ಅಂತ ಕೇಳಿ ಕೊಳ್ಳಿ. ಅದರಲ್ಲಿ ಒಡಲಿನ ನೂಲಿಗೂ ಸೆರಗಿನ ನೂಲಿಗೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ನಿಮ್ಮ ಹುಡುಗರಿಗೆ ಆ ಕೈಚಳಕ ಬಿಡಿಸಿ ಹೇಳಬೇಕಿಲ್ಲ. ಸೀರೆ ಬಜೆಟ್ಟಿಗೆ ಬರದಿದ್ದರೆ ಗುಳೇದಗುಡ್ಡದ ರವಿಕೆ ಖಣ ಇದೆ.

ತೆರಿಗೆಯ ಮಾತು ಚುಟುಕಾಗಿ. ಉಡುಗೊರೆಯಾಗಿ ಕೊಟ್ಟ ಮಾಲಿಗೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ಮುರಿದುಕೊಳ್ಳುವ ಸೌಲಭ್ಯ, ಸಿಗುವುದಿಲ್ಲ. ವ್ಯಾಪಾರದ ಸಂಬಂಧದಲ್ಲಿ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿ ಮೀರಿ ಕೊಟ್ಟರೆ 10% ಟಿಡಿಎಸ್ (ಕೊಡುವವರೇ ಮೊದಲು ತೆರಿಗೆ ಹಿಡಿದು ಕಟ್ಟುವ) ನಿಯಮ 2022ರ ಜುಲೈ 1ರಿಂದ ಬಂದಿದೆ. ಅದು ನಿಮಗೆ ತಾಗುತ್ತದೋ ಇಲ್ಲವೋ ನಿಮ್ಮ ಸಿಎ ನೋಡಿ ಹೇಳುತ್ತಾರೆ.

ಬಾಕ್ಸ್ ವಾಪಸ್ ಕಳಿಸಿದವರ ಮೇಲೆ ಬೇಜಾರಾಗಬೇಡಿ. ದೊಡ್ಡ ಕಂಪನಿಗಳು ಉಡುಗೊರೆ ಮುಟ್ಟಬಾರದೆಂದೋ, ಇಷ್ಟರ ಒಳಗಿರಬೇಕೆಂದೋ ನಿಯಮ ಮಾಡಿರುತ್ತವೆ. ನಿಮ್ಮ ಕೊಟೇಶನ್ ಅವರ ಮೇಜಿನ ಮೇಲಿದ್ದಾಗ ಆ ಬಾಕ್ಸ್ ಹೋಗಿದ್ದರಂತೂ ಅವರು ಮಾಡಿದ್ದೇ ಸರಿ. ಹಾಗಂತ ಮನೆಯ ವಿಳಾಸ ಹುಡುಕಿ ಕಳಿಸಲು ಹೋಗಬೇಡಿ, ಅದಕ್ಕೆ ಬೇರೆಯೇ ಹೆಸರಿದೆ. ಮೊದಲೇ ಫೋನ್ ಮಾಡಿ ಕೇಳಿ. ಬೇಡ ಅಂದರೆ ಚೀಟಿಯೊಂದೇ ಸಾಕು.

ಅಂದ ಹಾಗೆ, ಚಹಾದ ಅಂಗಡಿಯ ಗಡಿಯಾರ ಸರಿಯಾದ ಟೈಮ್ ತೋರಿಸುತ್ತಿದೆಯಾ? ನಿಂತಿದ್ದರೆ ಒಂದು ಸೆಲ್ ಹಾಕಿಸಿಬಿಡಿ. ಹೆಸರು ನಿಮ್ಮದಲ್ಲವೇ.

— ಸಂಪಾದಕ