ಓಆರ್‌ಎಸ್ ಕೊಟ್ಟರೂ ಮಗುವಿನ ಭೇದಿ ನಿಲ್ಲುತ್ತಿಲ್ಲ, ಇನ್ನೂ ಕೊಡಬೇಕಾ?

ಮಗನಿಗೆ ಒಂದೂವರೆ ವರ್ಷ, ನಿನ್ನೆಯಿಂದ ಆರೇಳು ಸಲ ನೀರು ನೀರಾಗಿ ಭೇದಿ ಆಗಿದೆ, ಓಆರ್‌ಎಸ್ ಕೊಡುತ್ತಿದ್ದರೂ ನಿಂತಿಲ್ಲ ಅಂತ ಬರೆದಿದ್ದೀರಿ. ಕುಡಿಸಿದಷ್ಟೂ ಜಾಸ್ತಿ ಆಗುತ್ತೆ, ನಿಲ್ಲಿಸು ಅಂತ ನಿಮ್ಮ ಅತ್ತೆ ಹೇಳುತ್ತಿದ್ದಾರೆ. ಏನು ಮಾಡಲಿ ಅಂತ ಕೇಳಿದ್ದೀರಿ.

ಕೊಡಿ. ದಯವಿಟ್ಟು ನಿಲ್ಲಿಸಬೇಡಿ.

ಆದರೆ ಮೊದಲು ಮಗುವನ್ನು ಒಮ್ಮೆ ಸರಿಯಾಗಿ ನೋಡಿ. ಕಳೆದ ಆರು ತಾಸಿನಲ್ಲಿ ಉಚ್ಚೆ ಮಾಡಿಲ್ಲವಾ? ಕಣ್ಣು ಗುಳಿ ಬಿದ್ದಿದೆಯಾ? ಅತ್ತರೂ ಕಣ್ಣೀರು ಬರುತ್ತಿಲ್ಲವಾ? ಹೊಟ್ಟೆಯ ಚರ್ಮ ಮೆಲ್ಲಗೆ ಚಿವುಟಿ ಬಿಟ್ಟರೆ ತಕ್ಷಣ ಕೂರದೆ ನಿಧಾನಕ್ಕೆ ಇಳಿಯುತ್ತಿದೆಯಾ? ಮಂಕಾಗಿ ಮಲಗಿದ್ದಾನಾ, ಕುಡಿಯುವುದಕ್ಕೂ ಆಗುತ್ತಿಲ್ಲವಾ, ಕುಡಿದದ್ದೆಲ್ಲ ವಾಂತಿಯಾಗುತ್ತಿದೆಯಾ, ಭೇದಿಯಲ್ಲಿ ರಕ್ತ ಇದೆಯಾ? ಇದರಲ್ಲಿ ಒಂದು ಕಂಡರೂ ಮುಂದೆ ಓದುವುದು ಬೇಡ. ಈಗಲೇ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಚಮಚದಲ್ಲಿ ಕುಡಿಸುತ್ತಾ ಹೋಗಿ.

ಇವು ಯಾವುದೂ ಇಲ್ಲ ಅಂದರೆ ಮುಂದಿನ ಮಾತು. ನಾನು ಡಾಕ್ಟರ್ ಅಲ್ಲ. ಫಾರ್ಮಸಿ ಓದಿ ಹದಿನಾಲ್ಕು ವರ್ಷದಿಂದ ತಿಪಟೂರಿನ ನಮ್ಮ ಮೆಡಿಕಲ್ ಶಾಪ್‌ನಲ್ಲಿ ನಿಂತಿದ್ದೇನೆ. ಮಳೆಗಾಲ ಬಂತೆಂದರೆ ಈ ಮಾತು ಕೇಳದ ದಿನವೇ ಇಲ್ಲ: "ಪೌಡರ್ ಕೊಟ್ಟೆ ಮೇಡಂ, ಏನೂ ಕೆಲಸ ಮಾಡ್ಲಿಲ್ಲ. ನಿಲ್ಲೋ ಮಾತ್ರೆ ಕೊಡಿ." ಓಆರ್‌ಎಸ್ ಇರುವುದು ಭೇದಿ ನಿಲ್ಲಿಸುವುದಕ್ಕಲ್ಲ. ಭೇದಿಯಲ್ಲಿ ಹೋದ ನೀರು, ಉಪ್ಪನ್ನು ಮತ್ತೆ ಮೈಗೆ ಸೇರಿಸುವುದಕ್ಕೆ. ಮಕ್ಕಳ ಭೇದಿ ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಮಗುವಿನ ಮೈಯಲ್ಲಿ ನೀರು ಕಡಿಮೆಯಾಗದಂತೆ ಕಾಯಬೇಕು, ಅಷ್ಟೇ. ನಿಲ್ಲುವ ಮಾತ್ರೆಯನ್ನು ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ಎಷ್ಟು ಬೇಡಿದರೂ ನಾನು ಕೊಡುವುದಿಲ್ಲ.

ಕರುಳು ಕೆಟ್ಟಾಗ ಬರೀ ನೀರು ಚೆನ್ನಾಗಿ ಒಳಗೆ ಹೋಗುವುದಿಲ್ಲ. ಆದರೆ ಉಪ್ಪು, ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ಕರುಳು ಆಗಲೂ ಎಳೆದುಕೊಳ್ಳುತ್ತದೆ. ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಅದಕ್ಕೇ ಅಳತೆ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ 20.5 ಗ್ರಾಂ ಪ್ಯಾಕೆಟ್‌ನಲ್ಲಿ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ ಇರುತ್ತದೆ. ಉಳಿದದ್ದು ಪೊಟ್ಯಾಸಿಯಂ ಮತ್ತು ಸಿಟ್ರೇಟ್. ಇದೆಲ್ಲ ಸರಿಯಾಗಿ ಒಂದು ಲೀಟರ್ ನೀರಿಗೆ ಲೆಕ್ಕ ಹಾಕಿದ್ದು.

ನೀವು ಹೇಗೆ ಕಲಸುತ್ತಿದ್ದೀರಿ ಅಂತ ಬರೆದಿಲ್ಲ. ನನಗೆ ಭಯ ಇರುವುದು ಅಲ್ಲೇ. ನನ್ನ ಮಗಳಿಗೆ ಎರಡು ವರ್ಷವಿದ್ದಾಗ ಹೀಗೇ ಭೇದಿ ಆಗಿತ್ತು. ನಾನು ಅಂಗಡಿಯಲ್ಲಿ, ಮನೆಯಲ್ಲಿ ಅಮ್ಮ. ಮಧ್ಯಾಹ್ನ ಊಟಕ್ಕೆ ಬಂದರೆ ಮಗಳು ಲೋಟ ಕಂಡರೆ ಮುಖ ತಿರುಗಿಸುತ್ತಿದ್ದಳು. ಅಡುಗೆಮನೆ ಕಟ್ಟೆಯ ಮೇಲೆ ಒಂದು ಲೀಟರಿನ ಪ್ಯಾಕೆಟ್ ಅರ್ಧ ಖಾಲಿಯಾಗಿತ್ತು, ಬಾಯಿಗೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿತ್ತು. ಲೋಟದಲ್ಲಿದ್ದದ್ದನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಉಪ್ಪಿನಕಾಯಿ ನೀರಿನ ಹಾಗಿತ್ತು. ಪಾಪ, ಅಮ್ಮ ವೇಸ್ಟ್ ಆಗಬಾರದು ಅಂತ ಅರ್ಧ ಪ್ಯಾಕೆಟ್ಟನ್ನು ಒಂದೇ ಲೋಟಕ್ಕೆ ಹಾಕಿದ್ದರು. ಇರಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಉಪ್ಪು. ಅಷ್ಟು ಗಟ್ಟಿಯಾದರೆ ಮಗುವಿಗೆ ಅಪಾಯ. ತೀರಾ ತೆಳುವಾದರೆ ಪ್ರಯೋಜನ ಇಲ್ಲ. ಅಮ್ಮನಿಗೆ ಪ್ಯಾಕೆಟ್ ತಂದುಕೊಟ್ಟವಳು ನಾನೇ. ಹೇಗೆ ಕಲಸಬೇಕು ಅಂತ ಹೇಳಿರಲಿಲ್ಲ. ಅವತ್ತಿನಿಂದ ಯಾರಿಗೆ ಪ್ಯಾಕೆಟ್ ಕೊಟ್ಟರೂ ಅದರ ಮೇಲೆ ಪೆನ್ನಿನಲ್ಲಿ ನೀರಿನ ಅಳತೆ ಬರೆದೇ ಕೊಡುತ್ತೇನೆ.

ಹಾಗಾಗಿ ನಿಮ್ಮ ಪ್ಯಾಕೆಟ್ಟಿನ ಹಿಂದೆ ಏನಿದೆ ನೋಡಿ. ದೊಡ್ಡದು ಒಂದು ಲೀಟರಿಗೆ, ಚಿಕ್ಕದು 200 ಮಿಲೀಗೆ ಇರುತ್ತದೆ. ಯಾವುದೇ ಇರಲಿ, ಇಡೀ ಪ್ಯಾಕೆಟ್ ಒಂದೇ ಸಲ ಹಾಕಬೇಕು. ದೊಡ್ಡ ಪ್ಯಾಕೆಟ್ಟಿನ ಅಳತೆಗೆ ಒಂದು ಲೀಟರಿನ ನೀರಿನ ಬಾಟಲಿ ಸಾಕು. ಕುದಿಸಿ ಆರಿಸಿದ ನೀರು. ಕಲಸಿದ ಮೇಲೆ ಕುದಿಸಬಾರದು, ಸಕ್ಕರೆ ಹಾಲು ಏನೂ ಸೇರಿಸಬಾರದು. ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿರಬಾರದು. 24 ಗಂಟೆ ಆದಮೇಲೆ ಉಳಿದದ್ದು ಚೆಲ್ಲಿ, ಹೊಸದು ಮಾಡಿ.

ನಿಮ್ಮ ಮಗನ ವಯಸ್ಸಿಗೆ ಒಂದೊಂದು ಭೇದಿ ಆದಮೇಲೂ 50ರಿಂದ 100 ಮಿಲೀ. ಬಾಟಲಿಯಲ್ಲಿ ಗಟಗಟ ಕುಡಿಸಬೇಡಿ. ಚಮಚ ಅಥವಾ ಮನೆಯಲ್ಲಿ ಒಳಲೆ ಇದ್ದರೆ ಅದರಲ್ಲಿ, ನಿಮಿಷಕ್ಕೊಂದು ಗುಟುಕು. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನಕ್ಕೆ ಮತ್ತೆ ಶುರು ಮಾಡಿ. ಕೈ ಸೋಲುತ್ತದೆ, ಗೊತ್ತು. ಆದರೂ ಬಿಡಬೇಡಿ.

ಟೆಟ್ರಾ ಪ್ಯಾಕ್‌ನಲ್ಲಿ ಬರುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಅದರಲ್ಲಿ ಸಕ್ಕರೆ ಜಾಸ್ತಿ, ಭೇದಿ ಇನ್ನೂ ಹೆಚ್ಚಾಗುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದವೇ ಇರಬಾರದು ಅಂತ ಆದೇಶ ಮಾಡಿತು. ಬರೀ ಗ್ಲೂಕೋಸ್ ಪುಡಿಯೂ ಬೇಡ. ಎಳನೀರು ನಮ್ಮೂರಲ್ಲಿ ಬೇಕಾದಷ್ಟಿದೆ, ಮಧ್ಯೆ ಒಂದಿಷ್ಟು ಕೊಡಬಹುದು. ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಓಆರ್‌ಎಸ್ ಜಾಗಕ್ಕೆ ಬರುವುದಿಲ್ಲ.

ಡ್ರಿಪ್ ಹಾಕಿಸಿದರೇ ಗುಣ ಅಂತ ಅಕ್ಕಪಕ್ಕದವರು ಹೇಳಬಹುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಬಂದಾಗ ಡ್ರಿಪ್ ಸಾಲಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಕಲಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಿದರು. ಸುಮಾರು 30 ಶೇಕಡಾ ಇದ್ದ ಸಾವು 4 ಶೇಕಡಾಕ್ಕಿಂತ ಕೆಳಗೆ ಬಂತು. ಅಲ್ಲಿ ಕುಡಿಸಿದವರು ನಿಮ್ಮಂಥ ಅಮ್ಮಂದಿರು, ಅಣ್ಣತಮ್ಮಂದಿರು.

ಇದರ ಜೊತೆಗೆ ಝಿಂಕ್ ಶುರು ಮಾಡಿ. ಅವನ ವಯಸ್ಸಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತರೂ ಪೂರ್ತಿ ಕೊಡಬೇಕು. ಓಆರ್‌ಎಸ್, ಝಿಂಕ್ ಎರಡೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇನ್ನು ಅತ್ತೆಯ ವಿಷಯ. ಅವರ ಜೊತೆ ಜಗಳ ಬೇಡ. ಅವರು ಕಂಡ ಕಾಲದಲ್ಲಿ ಭೇದಿ ಅಂದರೆ ಮಕ್ಕಳನ್ನು ಕಳೆದುಕೊಳ್ಳುವುದೇ ಆಗಿತ್ತು. ಭಯಕ್ಕೆ ಹಾಗೆ ಹೇಳುತ್ತಾರೆ, ಅಲ್ವಾ? ಅವರಿಗೂ ಒಂದು ಕೆಲಸ ಕೊಡಿ. ಮೆತ್ತಗೆ ಬೆಂದ ಅನ್ನಕ್ಕೆ ಬೇಳೆ ಕಟ್ಟು ಕಲಸಿ, ಇಲ್ಲ ಮಜ್ಜಿಗೆ ಅನ್ನ, ಬಾಳೆಹಣ್ಣು, ಸ್ವಲ್ಪ ಸ್ವಲ್ಪ ತಿನ್ನಿಸಲಿ. ಮಗುವನ್ನು ಉಪವಾಸ ಕೆಡವಬಾರದು. ಎದೆಹಾಲು ಕುಡಿಯುತ್ತಿದ್ದರೆ ಅದನ್ನೂ ಬಿಡಿಸಬೇಡಿ. ರಾತ್ರಿ ನೀವು ಕಣ್ಣು ಮುಚ್ಚುವ ಹೊತ್ತಿನಲ್ಲಿ ಒಳಲೆ ಅವರ ಕೈಲಿರಲಿ. ಎಷ್ಟು ಸಲ ಉಚ್ಚೆ ಮಾಡಿದ ಅಂತ ಎಣಿಸಿ, ಬೆಳಿಗ್ಗೆ ಇಲ್ಲೇ ಬರೆಯಿರಿ. ನೋಡುತ್ತಿರುತ್ತೇನೆ.