ಮಾನಸಿಕ ಆರೈಕೆ ಕೇಂದ್ರದಲ್ಲಿ ರಾತ್ರಿ ಇಬ್ಬರು ಹೊಡೆದಾಡಿದರೆ ಹಿಡಿದು ನಿಲ್ಲಿಸುವುದು ಹೇಗೆ?

ಹಗಲೆಲ್ಲ ವರಾಂಡ ಸುತ್ತುವ ಒಬ್ಬರು ರಾತ್ರಿ ಪಕ್ಕದ ಮಂಚದವರ ಮೇಲೆ ಕೈ ಮಾಡಿದರು, ಹಿಡಿಯುವ ಪಟ್ಟು ಹೇಳಿಕೊಡಿ ಎಂದಿದ್ದೀರಿ. ಇಂಥದ್ದೇ ಕೇಂದ್ರದಲ್ಲಿ 7 ವರ್ಷ ರಾತ್ರಿ ಪಾಳಿ ಮಾಡಿದವನು ನಾನು. ಮೊದಲು ನಾನೂ ಇದನ್ನೇ ಕೇಳಿದ್ದೆ.

ನಮ್ಮಲ್ಲಿ ಒಬ್ಬ ಹಿರಿಯರಿದ್ದರು, ಯಾರ ತಂಟೆಗೂ ಹೋದವರಲ್ಲ. ಹ್ಯಾಲೊಪೆರಿಡಾಲ್ ಎಂಬ ಮನೋರೋಗದ ಔಷಧದ ಡೋಸ್ ಹೆಚ್ಚಿಸಿ 4 ದಿನವಾಗಿತ್ತು. ಆ ರಾತ್ರಿ ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ಓಡಾಟ. ನಿಂತಾಗಲೂ ಆ ಕಾಲಿಂದ ಈ ಕಾಲಿಗೆ ಭಾರ ಬದಲಿಸುತ್ತಲೇ ಇದ್ದರು, ಚಪ್ಪಲಿ ಸರಬರ ಅನ್ನುತ್ತಿತ್ತು. ಪಕ್ಕದ ಹುಡುಗ ನಿದ್ದೆಗೆಟ್ಟು ಬೈಯತೊಡಗಿದ. ನಾನು ಬಾಗಿಲಿಗೆ ಅಡ್ಡ ನಿಂತು, "ಸುಮ್ನೆ ಮಲ್ಕೊಳ್ಳಿ" ಅಂದೆ.

"ಸ್ವಲ್ಪ ಹೊರಗೆ ಓಡಾಡ್ಲಾ ಸರ್?"

"ಈಗ ಆಗಲ್ಲ."

ಮೂರು ಸಲ ಕೇಳಿದರು. ನಾಲ್ಕನೇ ಸಲ ಕೇಳಲಿಲ್ಲ, ಹುಡುಗನನ್ನು ನೂಕಿದರು. ಅವನ ಹಣೆ ಮಂಚದ ಕಬ್ಬಿಣಕ್ಕೆ ಬಡಿಯಿತು. ಬಿಡಿಸಲು ಹೋದ ನನ್ನ ಮಣಿಕಟ್ಟು ಮುರಿಯಿತು.

ಒಬ್ಬನೇ ಒಳಗೆ ನುಗ್ಗಿದ್ದು ತಪ್ಪು ಅಂದರು ಎಲ್ಲರೂ. ಅದಲ್ಲ. ತಪ್ಪು ಅರ್ಧ ಗಂಟೆ ಮೊದಲೇ ಆಗಿತ್ತು: ಅವರ ಓಡಾಟವನ್ನು ನಾನು ಸಿಟ್ಟು ಅಂದುಕೊಂಡೆ. ಅದು ಅಕತಿಸಿಯಾ. ಮನೋರೋಗದ ಕೆಲವು ಔಷಧಗಳು, ಅದರಲ್ಲೂ ಶುರು ಮಾಡಿದಾಗ ಅಥವಾ ಡೋಸ್ ಏರಿಸಿದಾಗ, ತರುವ ಚಡಪಡಿಕೆ. ಕೂತರೆ ಮೈಯೊಳಗೇ ಏನೋ ಕಿತ್ತು ಬರುವ ಹಾಗೆ, ನಡೆದರೆ ತುಸು ಹಗುರ. ಅಂಥವರಿಗೆ ನಾನು ಮಲಗಿ ಎಂದೆ. ಇದ್ದ ಒಂದೇ ದಾರಿಗೂ ಅಡ್ಡ ನಿಂತೆ. ಆಮೇಲೆ ರಿಜಿಸ್ಟರಿನಲ್ಲಿ "ಆಕ್ರಮಣಕಾರಿ" ಎಂದು ಬರೆದೆ. ಆ ಒಂದು ಪದ ನೋಡಿ ಬೆಳಿಗ್ಗೆ ಅದೇ ಔಷಧದ ಇಂಜೆಕ್ಷನ್ ಕೊಟ್ಟರು, ಚಡಪಡಿಕೆ ಇನ್ನೂ ಏರಿತು. "ಕಾಲು ಒಂದೆಡೆ ನಿಲ್ತಿಲ್ಲ, 4 ದಿನದಿಂದ ಹೀಗೆ" ಎಂದು ಬರೆದಿದ್ದರೆ ಯಾವ ಡಾಕ್ಟರಾದರೂ ಹಿಡಿಯುತ್ತಿದ್ದರು. ವಾರದ ನಂತರ ಬಂದ ಬೇರೆ ಡಾಕ್ಟರು, "ಕೂರೋಕೆ ಆಗ್ತಿರಲಿಲ್ವಾ?" ಎಂದು ಕೇಳಿದಾಗ ಹಿರಿಯರು ಗಳಗಳ ಅತ್ತುಬಿಟ್ಟರು. ಡೋಸ್ ಇಳಿಸಿದ ಮೇಲೆ ಅವರು ಮೊದಲಿನವರೇ ಆದರು. ಹುಡುಗ ಮಾತ್ರ ಮತ್ತೆ ಆ ಕೋಣೆಯಲ್ಲಿ ಮಲಗಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಟ್ಟು ಕಲಿಯಿರಿ, ಬೇಡ ಅನ್ನಲ್ಲ. ಕೈ ಎತ್ತಿದ ಮೇಲಂತೂ ಉಳಿದವರನ್ನು ಹೊರಗೆ ಕಳಿಸಿ, ಬಾಗಿಲು ಬಿಟ್ಟು ನಿಂತು, ಸಹಾಯಕ್ಕೆ ಕೂಗಿ. ಆದರೆ "ಆಗಲ್ಲ" ಅನ್ನುವ ರೀತಿ ಕಲಿಯುವುದು ಅದಕ್ಕಿಂತ ಮುಖ್ಯ. ಇಂಗ್ಲೆಂಡಿನಲ್ಲಿ ಸಂಶೋಧಕ ಲೆನ್ ಬೋವರ್ಸ್ ಅವರ ತಂಡ 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ಸೇಫ್‌ವಾರ್ಡ್ಸ್ ಎಂಬ ಪದ್ಧತಿಯನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಮೃದುವಾಗಿ ಮಾತಾಡುವುದು, ಗಲಾಟೆಯಾದ ಮೇಲೆ ಹೆದರಿದ ಉಳಿದವರ ಬಳಿ ಹೋಗಿ ಧೈರ್ಯ ಹೇಳುವುದು, ಇಂಥವೇ ಅದರಲ್ಲಿದ್ದವು. ಘರ್ಷಣೆ ಶೇ 15ರಷ್ಟು ಇಳಿಯಿತು; ಹಿಡಿದು ಅದುಮುವುದು, ಕೂಡಿಹಾಕುವುದು ಮುಂತಾದ ಬಲವಂತದ ಕ್ರಮಗಳು ಶೇ 26ರಷ್ಟು.

ವರಾಂಡ ಸುತ್ತುತ್ತಾರೆ ಎಂದಿರಲ್ಲ, ಅವರ ಔಷಧ ಕೊನೆಯ ಸಲ ಬದಲಾದದ್ದು ಯಾವ ದಿನ? ಇವತ್ತಿನ ಪಾಳಿಗೆ ಹೋದ ಕೂಡಲೇ ಚಾರ್ಟ್ ನೋಡಿ, ಆಮೇಲೆ ಅವರ ಜೊತೆ ಎರಡು ಸುತ್ತು ನಡೆಯುತ್ತಾ ಕೇಳಿ: "ಕೂರೋಕೆ ಆಗ್ತಿಲ್ವಾ?"